ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಟೀ ಸೆಟ್ಟಿನ ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಗುಲಾಬಿ ಹೂಗಳ ಚಿತ್ರವಿರುವ ಇಂಗ್ಲಿಷ್ ಟೀ ಸೆಟ್ಟೊಂದಿದೆ. ಮುತ್ತಜ್ಜನವರಿಗೆ ಬ್ರಿಟಿಷ್ ಅಧಿಕಾರಿಯೊಬ್ಬರು ಕೊಟ್ಟದ್ದೆಂದೂ, 150 ವರ್ಷ ಹಳೆಯದೆಂದೂ ಮನೆಯ ಹಿರಿಯರು ಹೇಳುತ್ತಾರೆ. ಆರು ಕಪ್ಪು, ಆರು ಬಸಿ, ಆರು ಸಣ್ಣ ತಟ್ಟೆ, ಒಂದು ದೊಡ್ಡ ತಟ್ಟೆ, ಹಾಲಿನ ಜಗ್ಗು ಮತ್ತು ಸಕ್ಕರೆ ಬಟ್ಟಲು ಉಳಿದಿವೆ; ಟೀ ಪಾಟ್ ಮಾತ್ರ ಕಳೆದುಹೋಗಿದೆ. ತಳದಲ್ಲಿ ‘ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದು, ಅದರ ಕೆಳಗೆ ‘ಆರ್‌ಡಿ ನಂ.’ ಎಂಬುದರ ಮುಂದೆ 7ರಿಂದ ಆರಂಭವಾಗುವ ಆರು ಅಂಕಿಗಳಿವೆ.
– ಓದುಗರು, ಧಾರವಾಡ

ಉತ್ತರ: ಹಿರಿಯರ ಮೇಲಿನ ಗೌರವ ಗೌರವವಾಗಿಯೇ ಇರಲಿ, ವಯಸ್ಸಿನ ವಿಷಯದಲ್ಲಿ ತಳದ ಮುದ್ರೆಯ ಮಾತನ್ನೇ ನಂಬಬೇಕಾಗುತ್ತದೆ. ಹೊರದೇಶಗಳಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಅದು ಜಾರಿಗೆ ಬಂದ 1891ರಿಂದ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳು ತಮ್ಮ ಮುದ್ರೆಯಲ್ಲಿ ‘ಇಂಗ್ಲೆಂಡ್’ ಎಂಬ ಹೆಸರನ್ನು ಸಾಮಾನ್ಯವಾಗಿ ಸೇರಿಸತೊಡಗಿದವು. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ಣ ರೂಪವೂ, ಮುದ್ರೆಯೊಳಗಿನ ‘ಬೋನ್ ಚೈನಾ’ ಎಂಬ ಬರಹವೂ ಬಹುಮಟ್ಟಿಗೆ 20ನೆಯ ಶತಮಾನದವು.

ಇದಕ್ಕಿಂತ ನಿಖರವಾದ ಸಾಕ್ಷಿ ನಿಮ್ಮ ಆರು ಅಂಕಿಗಳಲ್ಲಿದೆ. ಬ್ರಿಟನ್ನಿನಲ್ಲಿ ವಿನ್ಯಾಸಗಳನ್ನು ನೋಂದಾಯಿಸಿ ಕೊಡುತ್ತಿದ್ದ ಈ ಸಂಖ್ಯೆ 1884ರಲ್ಲಿ ಒಂದರಿಂದ ಆರಂಭವಾಗಿ, 1900ರ ಹೊತ್ತಿಗೆ ಸುಮಾರು ಮೂರೂವರೆ ಲಕ್ಷಕ್ಕೆ ತಲುಪಿತ್ತು. ಏಳು ಲಕ್ಷದ ಸಾಲಿನ ಸಂಖ್ಯೆಗಳು 1920ರ ದಶಕದ ಮಧ್ಯದಿಂದ 1930ರ ದಶಕದ ಮಧ್ಯದವರೆಗಿನವು. ಇದು ವಿನ್ಯಾಸ ನೋಂದಣಿಯಾದ ಕಾಲವೇ ಹೊರತು ಕಪ್ಪು ತಯಾರಾದ ವರ್ಷವಲ್ಲ. ಜನ ಮೆಚ್ಚಿದ ವಿನ್ಯಾಸವನ್ನು ಕಾರ್ಖಾನೆಗಳು ಹಲವು ವರ್ಷ ಮುಂದುವರಿಸುತ್ತಿದ್ದುದರಿಂದ ನಿಮ್ಮ ಸೆಟ್ಟು ಅದಕ್ಕಿಂತ ಸ್ವಲ್ಪ ಈಚಿನದೂ ಆಗಿರಬಹುದು, ಹಿಂದಿನದಂತೂ ಆಗಿರಲಾರದು. ಅಧಿಕಾರಿಯ ಉಡುಗೊರೆಯ ಕಥೆ ನಿಜವಿರಬಹುದು. 150 ವರ್ಷದ ಲೆಕ್ಕ ಮಾತ್ರ ನಿಲ್ಲುವುದಿಲ್ಲ.

ಟೀ ಪಾಟ್ ಕಳೆದುಹೋಯಿತೆಂದು ಯಾರನ್ನೂ ದೂರಬೇಡಿ. ನೀವು ಹೇಳಿರುವ ಸಾಮಾನುಗಳನ್ನು ಕೂಡಿದರೆ ಸರಿಯಾಗಿ 21 ಆಗುತ್ತವೆ. ಆ ಕಾಲದ ಇಂಗ್ಲಿಷ್ ಟೀ ಸೆಟ್ಟುಗಳು ಹೆಚ್ಚಾಗಿ ಇದೇ 21ರ ಲೆಕ್ಕದಲ್ಲಿ, ಟೀ ಪಾಟ್ ಇಲ್ಲದೆಯೇ ಮಾರಾಟವಾಗುತ್ತಿದ್ದವು; ಬೆಳ್ಳಿಯದೋ ಮಣ್ಣಿನದೋ ಒಂದು ಪಾಟ್ ಮನೆಯಲ್ಲಿ ಹೇಗೂ ಇರುತ್ತಿತ್ತು. ನಿಮ್ಮದು ಒಂದೂ ಒಡೆಯದೆ ಉಳಿದಿರುವ ಪೂರ್ಣ ಸೆಟ್ಟು.

ಪ್ರಶ್ನೆ: ಬೋನ್ ಚೈನಾದಲ್ಲಿ ನಿಜವಾಗಿಯೂ ಮೂಳೆ ಇರುತ್ತದೆಯೆ? ನಮ್ಮದು ಮಡಿಯ ಮನೆ.
– ಓದುಗರು, ಶಿವಮೊಗ್ಗ

ಉತ್ತರ: ಇರುತ್ತದೆ. ಚೀನೀಯರ ಪಿಂಗಾಣಿಯ ಗುಟ್ಟನ್ನು ಯುರೋಪು ಬಹುಕಾಲ ಹುಡುಕಿತು. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೋಟ್ಗರ್ ಎಂಬ ರಸವಾದಿಯ ಪ್ರಯೋಗಗಳು ಫಲಿಸಿ, 1710ರಲ್ಲಿ ಮೈಸನ್ನಿನ ಕಾರ್ಖಾನೆ ಆರಂಭವಾಯಿತು. ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಸ್ಟೋಕ್-ಆನ್-ಟ್ರೆಂಟ್‌ನ ಸ್ಪೋಡ್ ಕಾರ್ಖಾನೆಯಲ್ಲಿ 1790ರ ದಶಕದಲ್ಲಿ ಹದಗೊಂಡ ಮಿಶ್ರಣದಲ್ಲಿ ಸುಮಾರು ಅರ್ಧದಷ್ಟು ದನದ ಮೂಳೆಯನ್ನು ಸುಟ್ಟು ಮಾಡಿದ ಬೂದಿಯೂ, ಉಳಿದರ್ಧದಲ್ಲಿ ಬಿಳಿ ಜೇಡಿಮಣ್ಣು ಹಾಗೂ ಕಾರ್ನ್‌ವಾಲ್ ಪ್ರಾಂತದ ಕಲ್ಲಿನ ಪುಡಿಯೂ ಇರುತ್ತಿದ್ದವು. ಕಪ್ಪು ತೆಳ್ಳಗಿದ್ದರೂ ಗಟ್ಟಿಯಾಗಿರುವುದು ಈ ಬೂದಿಯಿಂದ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳುಗಳ ನೆರಳು ಕಾಣುತ್ತದೆ. ಬೆಂದು ಬೂದಿಯಾದ ಮೇಲೂ ಮೂಳೆ ಮೂಳೆಯೇ ಎನ್ನುವವರೊಡನೆ ನಾವು ವಾದಕ್ಕಿಳಿಯುವುದಿಲ್ಲ. ಅಂಥವರಿಗೆ ಚೀನಾದ ಹಳೆಯ ಪಿಂಗಾಣಿಯಾಗಲಿ ಮೈಸನ್ನಿನದಾಗಲಿ ಆದೀತು, ಅವುಗಳಲ್ಲಿ ಮೂಳೆ ಇಲ್ಲ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮ್ಯೂಸಿಯಮ್ಮೊಂದರಲ್ಲಿ 18ನೆಯ ಶತಮಾನದ ಟೀ ಸಾಮಾನುಗಳನ್ನು ನೋಡಿದೆ. ಟೀ ಪಾಟ್ ಬಹಳ ಚಿಕ್ಕದು, ಕಪ್ಪುಗಳಿಗೆ ಹಿಡಿಯೇ ಇಲ್ಲ, ಬಸಿಗಳು ಆಳವಾಗಿವೆ, ಚಹಾಪುಡಿಯ ಪೆಟ್ಟಿಗೆಗೆ ಬೀಗ ಬೇರೆ. ಇದೇಕೆ ಹೀಗೆ? ಸಂಜೆಯ ಟೀ ಪದ್ಧತಿಯನ್ನು ಆರಂಭಿಸಿದ್ದು ವಿಕ್ಟೋರಿಯಾ ರಾಣಿಯೆ?
– ಓದುಗರು, ಮೈಸೂರು

ಉತ್ತರ: ನೀವು ಕಂಡ ಬೀಗದಲ್ಲಿಯೇ ಹೆಚ್ಚಿನ ಉತ್ತರವಿದೆ. ಚಹಾ ಆಗ ಆಳುಕಾಳುಗಳ ಕೈಗೆ ಸಿಗದಂತೆ ಬೀಗ ಹಾಕಿ, ಕೀಲಿಯನ್ನು ಮನೆಯೊಡತಿ ತನ್ನ ಬಳಿಯೇ ಇಟ್ಟುಕೊಳ್ಳುವಷ್ಟು ದುಬಾರಿಯಾಗಿತ್ತು. ಅಷ್ಟು ದುಬಾರಿ ಎಲೆಗೆ ದೊಡ್ಡ ಪಾಟ್ ಮಾಡಿಸುವವರಾದರೂ ಯಾರು? ಹಿಡಿಯಿಲ್ಲದ ಬಟ್ಟಲುಗಳು ಚೀನಾದ ರೂಢಿಯವು. ಚಹಾ ತರುತ್ತಿದ್ದ ಹಡಗುಗಳಲ್ಲಿಯೇ ಅವೂ ಬರುತ್ತಿದ್ದವು. ನೀರು ತಾಗಿದರೂ ಕೆಡದ, ಭಾರವಾದ ಪಿಂಗಾಣಿಯನ್ನು ಹಡಗಿನ ತಳದಲ್ಲಿ ಜೋಡಿಸಿ, ಅದರ ಮೇಲೆ ಚಹಾ ಪೆಟ್ಟಿಗೆಗಳನ್ನು ಒದ್ದೆಯಾಗದಂತೆ ಇಡುತ್ತಿದ್ದರು. ಕಪ್ಪಿಗೆ ಹಿಡಿ ಅಂಟಿಸುವ ರೂಢಿ ಇಂಗ್ಲೆಂಡಿನಲ್ಲಿ ನಿಧಾನವಾಗಿ ಬೆಳೆಯಿತು. ಬಸಿ ಆಳವಾಗಿದ್ದುದು ಬಿಸಿ ಚಹಾವನ್ನು ಸುರಿದು, ಆರಿಸಿ, ಅದರಿಂದಲೇ ಕುಡಿಯುವುದಕ್ಕೂ ಅನುಕೂಲವಾಗಿತ್ತು. ನಮ್ಮ ಚಹಾದಂಗಡಿಗಳಲ್ಲಿ ಬಸಿಗೆ ಸುರಿದುಕೊಂಡು ಹೀರುವವರನ್ನು ಕಂಡು ಮೂಗು ಮುರಿಯುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯನ್ನು ಮದುವೆಯಾಗಿ ಬಂದ ಪೋರ್ಚುಗಲ್ಲಿನ ಕ್ಯಾಥರಿನ್ ಚಹಾವನ್ನು ಇಂಗ್ಲೆಂಡಿನ ಅರಮನೆಯ ಪಾನೀಯವಾಗಿಸಿದಳು. ಮುಂಬಯಿ ಇಂಗ್ಲಿಷರ ಪಾಲಾದದ್ದೂ ಇದೇ ಮದುವೆಯ ಬಳುವಳಿಯಾಗಿ. ಆದರೆ ಚಹಾವನ್ನು ಜನಸಾಮಾನ್ಯರ ಮನೆಗೆ ಸೇರಿಸಿದ್ದು ರಾಣಿಯರಿಗಿಂತ ಹೆಚ್ಚಾಗಿ ತೆರಿಗೆಯ ಇಳಿಕೆ ಎಂಬುದು ನಮ್ಮ ಅಭಿಪ್ರಾಯ: 1784ರಲ್ಲಿ ಸುಂಕವನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿದಾಗ ಕಳ್ಳಸಾಗಣೆಯ ಲಾಭ ಕರಗಿ, ಅಂಗಡಿಯ ಚಹಾ ಅಗ್ಗವಾಯಿತು. ಅಸ್ಸಾಮಿನ ಚಹಾ 1839ರಲ್ಲಿ ಲಂಡನ್ನಿನ ಹರಾಜಿಗೆ ಬಂತು. 1880ರ ದಶಕದ ಕೊನೆಗೆ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಭಾರತದ ಚಹಾ ಚೀನಾದ್ದನ್ನು ಹಿಂದೆ ಹಾಕಿತು.

ಸಂಜೆಯ ಟೀ ವಿಕ್ಟೋರಿಯಾ ರಾಣಿಯದಲ್ಲ. ಆಕೆಯ ಪರಿವಾರದಲ್ಲಿದ್ದ ಬೆಡ್‌ಫರ್ಡ್‌ನ ಡಚೆಸ್ ಆನ್ನಾ ಮರಿಯಾಳ ಹೆಸರಿಗೆ ಅದು ಸೇರಿದೆ. 1840ರ ಸುಮಾರಿಗೆ ಶ್ರೀಮಂತರ ರಾತ್ರಿಯೂಟ ಏಳೆಂಟು ಗಂಟೆಗೆ ಸರಿದಿದ್ದರಿಂದ, ನಡುವಿನ ಹಸಿವಿಗೆ ಆಕೆ ಚಹಾದೊಂದಿಗೆ ಬ್ರೆಡ್ಡು-ಬೆಣ್ಣೆ ತರಿಸಿಕೊಂಡು, ಕ್ರಮೇಣ ಗೆಳತಿಯರನ್ನೂ ಕರೆಯತೊಡಗಿದಳೆಂದು ಹೇಳುತ್ತಾರೆ. ಊಟದ ಹೊತ್ತು ಸರಿದ ಮೇಲೆ ಇಂಥ ರೂಢಿ ಅನೇಕ ಮನೆಗಳಲ್ಲಿ ತಾನಾಗಿಯೇ ಹುಟ್ಟಿರಲಿಕ್ಕೂ ಸಾಕು. ಚಹಾದ ಜೊತೆ ತಿಂಡಿ ಬಂದುದರಿಂದ ಸೆಟ್ಟಿಗೆ ಸಣ್ಣ ತಟ್ಟೆಯೂ ಸೇರಿತು. ಧಾರವಾಡದ ಓದುಗರ ಮನೆಯ ಆರು ತಟ್ಟೆಗಳು ಆ ರೂಢಿಯವೇ.

ಪ್ರಶ್ನೆ: ನಮ್ಮ ಬೆಳ್ಳಿಯ ಟೀ ಪಾಟಿನ ತಳದಲ್ಲಿ ‘ಇಪಿಎನ್‌ಎಸ್’ ಎಂದಿದೆ. ಬೆಲೆ ಎಷ್ಟಾದೀತು?
– ಓದುಗರು, ಬೆಂಗಳೂರು

ಉತ್ತರ: ಅದು ಗಿಲೀಟು. ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಕೊಟ್ಟದ್ದು. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಈ ವಿಧಾನದ ಪೇಟೆಂಟ್ ಪಡೆಯಿತು. ಅಪ್ಪಟ ಇಂಗ್ಲಿಷ್ ಬೆಳ್ಳಿಯಾದರೆ ನಡೆಯುವ ಸಿಂಹದ ಮುದ್ರೆಯೂ, ಪರೀಕ್ಷೆಯಾದ ಊರಿನ ಗುರುತೂ, ವರ್ಷ ಸೂಚಿಸುವ ಅಕ್ಷರವೂ ಇರುತ್ತವೆ. ಬರ್ಮಿಂಗ್‌ಹ್ಯಾಮ್‌ನ ಗುರುತು ಲಂಗರು. ತೂಕದ ಮೇಲೆ ಬೆಲೆ ಕಟ್ಟುವ ಅಂಗಡಿಯಲ್ಲಿ ಗಿಲೀಟಿಗೆ ಹೆಚ್ಚೇನೂ ಸಿಗದು. ಬಳಸಿ, ಆದರೆ ಪ್ರತಿವಾರ ಪಾಲಿಶ್ ಉಜ್ಜಿ ಲೇಪ ಸವೆಸಬೇಡಿ.

ಪ್ರಶ್ನೆ: ಅಜ್ಜಿಯ ಟೀ ಸೆಟ್ಟನ್ನು ದಿನವೂ ಬಳಸಬಹುದೆ? ಮುಂದೆ ಅಮೆರಿಕದಲ್ಲಿರುವ ಮಗನಿಗೆ ಕಳಿಸಬೇಕೆಂದಿದೆ.
– ಓದುಗರು, ಮಂಗಳೂರು

ಉತ್ತರ: ಬಿರುಕಿಲ್ಲದ ಕಪ್ಪುಗಳಲ್ಲಿ ಆಗೊಮ್ಮೆ ಈಗೊಮ್ಮೆ ಕುಡಿಯಬಹುದು. ಹಳೆಯ ಮೆರುಗಿನಲ್ಲಿಯೂ ಬಣ್ಣಗಳಲ್ಲಿಯೂ ಸೀಸ ಇರುವ ಸಾಧ್ಯತೆ ಇರುವುದರಿಂದ ದಿನಬಳಕೆ ಬೇಡ, ಅದರಲ್ಲೂ ಮಕ್ಕಳಿಗೆ ಬೇಡ; ಲಿಂಬೆ ಹಿಂಡಿದ ಚಹಾದಂಥ ಹುಳಿ ಪದಾರ್ಥ ಹಾಕಲೇಬೇಡಿ. ಮೆರುಗಿನಲ್ಲಿ ಕೂದಲಿನಂಥ ಗೆರೆಗಳೆದ್ದಿದ್ದರೆ ಅದನ್ನು ನೋಟಕ್ಕೆ ಇಡಿ. ಚಿನ್ನದ ಅಂಚಿರುವುದನ್ನು ಮೈಕ್ರೋವೇವಿನಲ್ಲಿ ಇಡಬಾರದು. ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ತೊಳೆಯಿರಿ.

ಕಳಿಸುವ ವಿಷಯದಲ್ಲಿ ಎಚ್ಚರ ಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕುಶಲ ವಸ್ತುಗಳು ಪುರಾವಸ್ತುಗಳೆನಿಸುತ್ತವೆ, ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಸೆಟ್ಟು ಅಷ್ಟು ಹಳೆಯದಲ್ಲವೆಂದು ತೋರಿದರೆ, ತಳದ ಮುದ್ರೆ ಸ್ಪಷ್ಟವಾಗಿ ಕಾಣುವ ಚಿತ್ರಗಳೊಂದಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕಂಡು, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಮೊದಲೇ ಪಡೆದುಕೊಳ್ಳಿ. ನೂರು ದಾಟಿದ್ದರೆ ಮಗನೇ ಊರಿಗೆ ಬಂದಾಗ ಅದರಲ್ಲಿ ಚಹಾ ಕುಡಿಯಬೇಕಾಗುತ್ತದೆ.