ಫ್ಯಾಂಟಸಿ ಕಥೆಗಳಲ್ಲಿ ಮನೆಗೂ ಆಸರೆಯ ತಾಣಕ್ಕೂ ಏನು ವ್ಯತ್ಯಾಸ?

ಮನೆ ಅಂದರೆ ನಾಯಕ ಬಿಟ್ಟು ಹೊರಡುವ ಜಾಗ. ಆಸರೆ ಅಂದರೆ ದಾರಿಯಲ್ಲಿ ಸಿಗುವ, ಬಹಳ ದಿನ ನಿಲ್ಲಲಾಗದ ಜಾಗ. ನನ್ನ ಮಟ್ಟಿಗೆ ಗೆರೆ ಇಷ್ಟೇ.

ಟೋಲ್ಕಿನ್ ಬರೆದ ‘ದಿ ಹಾಬಿಟ್’ (1937) ನೋಡಿ. ಕಥೆಯ ನಾಯಕ ಬಿಲ್ಬೊನ ಮನೆ ಗುಡ್ಡದೊಳಗೆ: ದುಂಡನೆಯ ಹಸಿರು ಬಾಗಿಲು, ಒಂದಲ್ಲ ಹಲವು ಉಗ್ರಾಣ. ದಾರಿಯುದ್ದಕ್ಕೂ ಅವನಿಗೆ ನೆನಪಾಗುವುದು ಒಲೆಯ ಮೇಲಿನ ಕೆಟಲ್‌ನ ಸದ್ದು. ದಾರಿಯಲ್ಲಿ ಸಿಗುವ ಎಲ್ಫ್‌ಗಳ ಕಣಿವೆ ರಿವೆಂಡೆಲ್ ಬೇರೆ. ಅಲ್ಲಿ ದಣಿವು ಆರುತ್ತದೆ, ಜೊತೆಗೆ ತಂದ ನಕ್ಷೆಯ ಗುಟ್ಟು ತಿಳಿಯುತ್ತದೆ, ಆಮೇಲೆ ಹೊರಡಲೇಬೇಕು. ನಮ್ಮ ಕಡೆ ಪಾದಯಾತ್ರೆಯವರು ದಾರಿಯ ಮಠದಲ್ಲಿ ಪ್ರಸಾದ ಉಂಡು, ಮಲಗಿ, ನಸುಕಿಗೇ ಏಳುತ್ತಾರಲ್ಲ, ಹಾಗೆ.

ಮರಳಿದಾಗ ಮನೆ ಹಾಗೇ ಇರುತ್ತದೆಯೇ? ಎಲ್ಲಿ ಬಂತು! ಬಿಲ್ಬೊ ಸತ್ತನೆಂದು ತಿಳಿದು ಅವನ ಸಾಮಾನು ಹರಾಜು ಹಾಕುತ್ತಿರುತ್ತಾರೆ. ಟೋಲ್ಕಿನ್ ಬರೆದ ಮುಂದಿನ ಕಥೆಯ ಕೊನೆಯ ಭಾಗ, 1955ರ ‘ದಿ ರಿಟರ್ನ್ ಆಫ್ ದಿ ಕಿಂಗ್’ನಲ್ಲಿ ಇನ್ನೂ ಕಠಿಣ: ಊರಿನ ಮರಗಳನ್ನೇ ಕಡಿದು ಕೆಡವಿದ್ದಾರೆ. ಊರು ಮತ್ತೆ ಚಿಗುರಿದರೂ ಆ ಕಥೆಯ ನಾಯಕ, ಬಿಲ್ಬೊನ ಬಂಧು ಫ್ರೊಡೊಗೆ ಪಯಣದಲ್ಲಾದ ಗಾಯ ಮಾಯುವುದಿಲ್ಲ. ಅವನು ಕಡಲು ದಾಟಿ ಹೋಗುತ್ತಾನೆ.

ಗದಗಿನವನಾದ ನನಗೆ ಇದೇನೂ ಹೊಸದಲ್ಲ. ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದನೆಂದು ನಮ್ಮೂರ ನಂಬಿಕೆ. ಆ ಕಥೆಯ ಅರಗಿನ ಮನೆಯನ್ನು ಕಟ್ಟಿದ್ದೇ ಸುಡಲಿಕ್ಕೆ. ಪಾಂಡವರನ್ನು ಉಳಿಸಿದ್ದು ನೆಲದಡಿಯ ಸುರಂಗ. ಮುಂದೆ ಭೀಮನಿಗೆ ಅಡಗಲು ಸಿಕ್ಕಿದ್ದು ವಿರಾಟನ ಅಡುಗೆಮನೆ, ಅದೂ ಒಂದೇ ವರ್ಷ.