ಮಾವ ತಂದ ದಿನ, ಡಾಕ್ಟರು ಹೇಳಿದ ವಾರ

ಪ್ರಶ್ನೆ: ನನಗೆ 29 ವರ್ಷ. ಶಿರಸಿಯಿಂದ ಕುಮಟಾ ಕಡೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಆರು ಕಿಲೋಮೀಟರ್ ಒಳಗೆ ನಮ್ಮ ಮನೆ. ಅಡಿಕೆ ತೋಟವಿದೆ. ಮಗಳಿಗೆ ನಾಲ್ಕು ವರ್ಷ. ಎರಡನೆಯದಕ್ಕೆ ಈಗ 36 ವಾರ ಮುಗಿದಿದೆ. ಮೊದಲ ಹೆರಿಗೆ ತವರಲ್ಲಿ, ಕುಮಟಾದಲ್ಲಿ ಆಯಿತು. ನೋವು ಶುರುವಾಗಿ ಮೂರು ಗಂಟೆಯೂ ಆಗಿರಲಿಲ್ಲ, ಮಗಳು ಹುಟ್ಟಿಬಿಟ್ಟಳು. ಇದನ್ನು ಕೇಳಿದ ಶಿರಸಿಯ ಡಾಕ್ಟರು, "ಎರಡನೆಯದು ಇನ್ನೂ ಬೇಗ ಆಗಬಹುದು. ಮಳೆಗಾಲ ಬೇರೆ, ನಿಮ್ಮ ಮನೆ ದೂರ. 39 ವಾರ ತುಂಬಿದ ಮೇಲೆ ಬಂದು ಅಡ್ಮಿಟ್ ಆಗಿ, ನೋವು ಬರಿಸೋಣ" ಅಂದಿದ್ದಾರೆ. ಬಿಪಿ, ಶುಗರ್ ಎಲ್ಲ ಸರಿ ಇದೆ. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ತಾನಾಗೇ ಬರೋದನ್ನು ಎಳೆದು ತರ್ತಾರಾ? ಬೇಕಾದರೆ ಒಂದು ಚಮಚ ಹರಳೆಣ್ಣೆ ಕುಡಿ" ಅನ್ನುತ್ತಾರೆ. ಮಾವ, "ದಿನ ಗೊತ್ತು ಮಾಡುವುದೇ ಆದರೆ ಒಳ್ಳೆ ದಿನವೇ ಆಗಲಿ" ಎಂದು ಭಟ್ಟರ ಹತ್ತಿರ ಕೇಳಿಕೊಂಡು ಬಂದರು. ಆ ದಿನಕ್ಕೆ ನನಗೆ 38 ವಾರ 1 ದಿನ. ಗಂಡ, "ನಿನ್ನಿಷ್ಟ. ಅಡಿಕೆಗೆ ಮದ್ದು ಹೊಡೆಯೋ ದಿನ ಒಂದು ಬಿಟ್ಟು ಯಾವತ್ತಾದರೂ ಆಗಲಿ" ಅನ್ನುತ್ತಾರೆ. ನನ್ನ ಚಿಕ್ಕಮ್ಮನ ಮಗಳಿಗೆ ಹೀಗೇ ನೋವು ಬರಿಸಲು ಹೋಗಿ, ಎರಡು ದಿನ ನರಳಿ, ಕೊನೆಗೆ ಸಿಸೇರಿಯನ್ ಆಯಿತು. ನೋವು ಬರಿಸಲು ಡ್ರಿಪ್ ಹಾಕಿದರೆ ನೋವು ಎರಡರಷ್ಟಂತೆ. ಮಗಳು ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗಿದವಳಲ್ಲ. ಸುಮ್ನೆ ಕಾಯಲೋ, ಹೋಗಿ ಅಡ್ಮಿಟ್ ಆಗಲೋ?
ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ಮೊದಲು ಅವಸರದ್ದು ಹೇಳಿಬಿಡುತ್ತೇನೆ. ಇದು ನಿಮ್ಮ ಕೈ ಸೇರುವಾಗ 37 ವಾರ ದಾಟಿರುತ್ತದೆ. ಯಾವ ದಿನ ಗೊತ್ತಾಗಿರಲಿ, ಅದಕ್ಕೆ ಮೊದಲೇ ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗಲು ಶುರುವಾದರೆ ಆಗಲೇ ಹೊರಡಿ. ಮೂರು ಗಂಟೆಯೊಳಗೆ ಹೆತ್ತವರು "ಸ್ವಲ್ಪ ನೋಡೋಣ" ಅನ್ನುತ್ತಾ ಕೂರಬಾರದು. ಊರಿನ ಆಶಾ ಕಾರ್ಯಕರ್ತೆಗೆ ಈಗಲೇ ವಿಷಯ ತಿಳಿಸಿಡಿ. 108ಕ್ಕೆ ಫೋನ್ ಮಾಡಲು ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತದೋ, ಗುಡ್ಡ ಹತ್ತಬೇಕೋ, ಅದನ್ನೂ ನೋಡಿಕೊಳ್ಳಿ. ರಾತ್ರಿ ಕರೆದರೆ ಬರುವ ಜೀಪು ಯಾರದ್ದು ಅಂತ ಗೊತ್ತಿರಲಿ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು ಬಾಗಿಲ ಹಿಂದಿನ ಚೀಲದಲ್ಲಿರಲಿ.

ಈಗ ನಿಮ್ಮ ಪ್ರಶ್ನೆ. ನಿಮ್ಮ ಡಾಕ್ಟರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನೋವು ಬರಿಸುವುದಕ್ಕೆ ಸಾಮಾನ್ಯವಾಗಿ ಬಿಪಿ, ಶುಗರ್, ದಿನ ದಾಟಿದ್ದು, ನೀರು ಕಡಿಮೆಯಾದದ್ದು ಇಂಥ ಕಾರಣಗಳಿರುತ್ತವೆ. ಆದರೆ ಹಿಂದಿನ ಹೆರಿಗೆ ತೀರಾ ಬೇಗ ಆಗಿದ್ದರೆ, ಮನೆ ಆಸ್ಪತ್ರೆಯಿಂದ ದೂರವಿದ್ದರೆ, ಅದನ್ನೂ ಡಾಕ್ಟರುಗಳು ಕಾರಣ ಅಂತಲೇ ಒಪ್ಪುತ್ತಾರೆ. 39 ವಾರ ತುಂಬಿರಬೇಕು, ಅಷ್ಟೇ. ನಿಮ್ಮ ಹೊಟ್ಟೆಯಲ್ಲಿ ತೊಂದರೆ ಇಲ್ಲ, ರಸ್ತೆಯಲ್ಲಿ ಇದೆ. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಹೆದ್ದಾರಿಗೇ ಆ ಗತಿಯಾದರೆ ನಿಮ್ಮ ಆರು ಕಿಲೋಮೀಟರ್ ಮಣ್ಣು ರಸ್ತೆಗೆ ಒಂದು ಮರ ಸಾಕು. ದೊಡ್ಡ ತೊಂದರೆಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡುವ ಜಿಲ್ಲೆ ನಮ್ಮದು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು 2019ರಲ್ಲಿ ಜನ ಎದ್ದು ಕೂಗಿದ್ದು ನೆನಪಿರಬೇಕು. ಇರಲಿ, ಆ ವಿಷಯಕ್ಕೆ ಹೋದರೆ ನನ್ನ ಅಂಕಣ ಇಲ್ಲೇ ಮುಗಿಯುತ್ತದೆ.

ಮಾವನವರ ದಿನಕ್ಕೆ ಬರೋಣ. 38 ವಾರ 1 ದಿನ ಬೇಡ. ಇದರಲ್ಲಿ ಚೌಕಾಶಿ ಇಲ್ಲ. ಒಂದು ವಾರ ಆಚೀಚೆ ಆದರೆ ಏನು ಮಹಾ ಅನಿಸುತ್ತದೆ. ಆದರೆ 37-38ರಲ್ಲಿ ಹುಟ್ಟಿದ ಮಕ್ಕಳಿಗೆ ಉಸಿರಾಟದ ತೊಂದರೆ, ಕಾಮಾಲೆ, ಹಾಲು ಎಳೆಯಲು ಶಕ್ತಿ ಸಾಲದಿರುವುದು, ಇವೆಲ್ಲ 39 ತುಂಬಿದವಕ್ಕಿಂತ ಜಾಸ್ತಿ. ತಾಯಿಗೋ ಮಗುವಿಗೋ ತೊಂದರೆ ಇದ್ದಾಗ ಡಾಕ್ಟರು ಮೊದಲೇ ತೆಗೆಯುವುದು ಬೇರೆ ಮಾತು. ಬರೀ ನಕ್ಷತ್ರಕ್ಕಾಗಿ ಮಗುವಿನ ಆರು ದಿನ ಕಿತ್ತುಕೊಳ್ಳುವುದು ಯಾಕೆ?

ಇನ್ನೊಂದು ಸಂಗತಿ ಮಾವನವರಿಗೆ ಗೊತ್ತಿರಲಿಕ್ಕಿಲ್ಲ. ಸಿಸೇರಿಯನ್‌ಗೆ ಗಳಿಗೆ ಇಡಬಹುದು, ಇದಕ್ಕೆ ಆಗುವುದಿಲ್ಲ. ಇಲ್ಲಿ ಶುರು ಮಾಡುವ ದಿನ ಮಾತ್ರ ನಮ್ಮ ಕೈಯಲ್ಲಿರುವುದು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಮಧ್ಯಾಹ್ನ ಊಟದ ಹೊತ್ತಿಗೂ ಆಗಬಹುದು, ಮರುದಿನ ಬೆಳಗಿನ ಜಾವಕ್ಕೂ ಹೋಗಬಹುದು. ಒಂದು ನಕ್ಷತ್ರ ಇರುವುದೇ ಹೆಚ್ಚುಕಮ್ಮಿ ಒಂದು ದಿನ. ಹಾಗಾಗಿ ಅವರಿಗೆ ಎದುರು ಮಾತಾಡುವ ಬದಲು ಹೀಗೆ ಹೇಳಿ: "ಮಾವ, 39 ತುಂಬಿದ ಮೇಲಿನ ಒಂದು ವಾರದಲ್ಲಿ ಏಳು ನಕ್ಷತ್ರ ಬರ್ತವೆ. ಅದರಲ್ಲಿ ಯಾವುದು ಅಡ್ಡಿಯಿಲ್ಲ ಅಂತ ಭಟ್ಟರ ಹತ್ತಿರ ಕೇಳಿಕೊಂಡು ಬನ್ನಿ." ಏಳರಲ್ಲಿ ಒಂದೂ ಆಗದು ಅನ್ನುವ ಭಟ್ಟರನ್ನು ನಾನಂತೂ ನೋಡಿಲ್ಲ.

ವಾರದ ಲೆಕ್ಕವನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನ್ ಕೊಟ್ಟ ಡೇಟ್ ನಂಬಿಕೆಗೆ ಹತ್ತಿರ. ಎಂಟನೇ ತಿಂಗಳ ಸ್ಕ್ಯಾನ್ ನೋಡಿ ವಾರ ಹೇಳಿದರೆ ತಪ್ಪುವ ಸಂಭವ ಜಾಸ್ತಿ.

ಚಿಕ್ಕಮ್ಮನ ಮಗಳ ಕತೆ ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅವಳದ್ದು ಮೊದಲ ಹೆರಿಗೆ ಅಲ್ವಾ? ನೀವು ಬರೆದಿಲ್ಲ, ಆದರೆ ಎರಡು ದಿನ ಅಂದಿದ್ದು ನೋಡಿದರೆ ಹಾಗೇ ಕಾಣುತ್ತದೆ. ಮೊದಲ ಸಲ ಗರ್ಭಕೋಶದ ಬಾಯಿ ಮೆತ್ತಗಾಗಿ ತೆರೆದುಕೊಳ್ಳಲು ಹೊತ್ತು ಹಿಡಿಯುತ್ತದೆ. ಒಮ್ಮೆ ಸಹಜವಾಗಿ ಹೆತ್ತವರ ಮೈಗೆ ಆ ದಾರಿ ಗೊತ್ತಿರುತ್ತದೆ. ನೋವು ಬರಿಸಿದರೂ ಅವರಲ್ಲಿ ಬಹುಪಾಲು ಜನರಿಗೆ ಸಹಜ ಹೆರಿಗೆಯೇ ಆಗುತ್ತದೆ. ಹಾಗೆ ನೋಡಿದರೆ, ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಅನ್ನುವ ಮಾತು ಮೊದಲ ಹೆರಿಗೆಯವರಿಗೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಮೊದಲ ಸಲ ಬಸುರಾದ ಆರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಸಿಸೇರಿಯನ್ ಆಯಿತು, ಕಾದವರಲ್ಲಿ 22 ಮಂದಿಗೆ. ಅಲ್ಲಿನ ಆಸ್ಪತ್ರೆ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೂ ಹೆದರಿಕೆಗೆ ಒಂದು ಅಳತೆ ಸಿಕ್ಕಿತಲ್ಲ.

ದಿನಕ್ಕಿಂತ ಮುಖ್ಯವಾದ್ದು ಗರ್ಭಕೋಶದ ಬಾಯಿ ಎಷ್ಟು ತಯಾರಾಗಿದೆ ಅನ್ನುವುದು. ಡಾಕ್ಟರು ಒಳಗೆ ಕೈ ಹಾಕಿ ಪರೀಕ್ಷೆ ಮಾಡಿ ಇದಕ್ಕೆ ಅಂಕ ಕೊಡುತ್ತಾರೆ, ಬಿಷಪ್ ಸ್ಕೋರ್ ಅಂತ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ, ಎಲ್ಲ ಸೇರಿ 13 ಅಂಕ. ಎಂಟರ ಮೇಲಿದ್ದರೆ ಸಲೀಸು. 1964ರಲ್ಲಿ ಬಿಷಪ್ ಎಂಬ ಅಮೆರಿಕದ ಡಾಕ್ಟರು ಇದನ್ನು ಮಾಡಿದ್ದೇ ನಿಮ್ಮಂಥವರಿಗಾಗಿ, ಅಂದರೆ ಆಗಲೇ ಹೆತ್ತವರಿಗಾಗಿ. ಅಂಕ ಕಡಿಮೆ ಬಂದರೆ ಮೊದಲು ಜೆಲ್ ಇಟ್ಟೋ, ಮಾತ್ರೆ ಕೊಟ್ಟೋ, ಸಣ್ಣ ಬಲೂನು ಹಾಕಿಯೋ ಬಾಯಿ ಮೆತ್ತಗೆ ಮಾಡುತ್ತಾರೆ. ಆಮೇಲೆ ನೀರು ಒಡೆಸುವುದು, ಡ್ರಿಪ್. ಮುಂದಿನ ಸಲ ಹೋದಾಗ "ನನ್ನ ಸ್ಕೋರ್ ಎಷ್ಟು?" ಅಂತ ಕೇಳಿಬಿಡಿ. ಕೇಳಿದರೆ ಡಾಕ್ಟರು ತಪ್ಪು ತಿಳಿಯುವುದಿಲ್ಲ. ತಿಳಿದರೂ ಪರವಾಗಿಲ್ಲ.

ಹಾಗೇ ಇನ್ನೊಂದೆರಡು ಕೇಳಿ. ರಾತ್ರಿ ಸಿಸೇರಿಯನ್ ಬೇಕಾದರೆ ಅರಿವಳಿಕೆ ಕೊಡುವ ಡಾಕ್ಟರು ಬರುತ್ತಾರಾ? ಹೆರಿಗೆಯಾದ ಮೇಲೆ ರಕ್ತ ಜಾಸ್ತಿ ಹೋದರೆ ನಿಮ್ಮ ಗುಂಪಿನ ರಕ್ತ ಸಿಗುತ್ತದಾ? ನೋವು ಕಡಿಮೆ ಮಾಡಲು ಅಲ್ಲಿ ಏನು ಕೊಡುತ್ತಾರೆ?

ನೋವು ಎರಡರಷ್ಟಾ? ಸುಳ್ಳು ಹೇಳುವುದಿಲ್ಲ. ನನ್ನ ಎರಡನೆಯದೂ ಬರಿಸಿದ್ದೇ. ಡೇಟ್ ದಾಟಿ ಒಂದು ವಾರವಾಗಿತ್ತು. ಕಾರವಾರದಲ್ಲಿ ಜಡಿಮಳೆ, ಕಿಟಕಿ ಆಚೆ ಸಮುದ್ರ ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಮೊದಲ ಹೆರಿಗೆಯಲ್ಲಿ ನೋವು ಸಂಜೆಯಿಂದ ಮೆಲ್ಲಗೆ ಹತ್ತಿತ್ತು. ಮಧ್ಯೆ ಮಧ್ಯೆ ಮಾತಾಡಿದ್ದೆ, ಗಂಜಿ ಕುಡಿದಿದ್ದೆ. ಎರಡನೆಯದರಲ್ಲಿ ಡ್ರಿಪ್ ಹಾಕಿ ಒಂದು ಗಂಟೆ ಏನೂ ಇಲ್ಲ. ನರ್ಸ್ ಬಂದು ಡ್ರಿಪ್ ನಳಿಕೆಯ ಪುಟ್ಟ ಗಾಲಿ ಚೂರು ತಿರುಗಿಸಿದರು. ಬಾಟಲಿಯಿಂದ ಹನಿ ಬೀಳುವುದನ್ನು ಎಣಿಸುತ್ತಾ ಮಲಗಿದ್ದೆ. ನಿಮಿಷಕ್ಕೆ ಹನ್ನೆರಡು ಇದ್ದದ್ದು ಹದಿನಾರಾಯಿತು. ಆಮೇಲೆ ಎಣಿಸಲು ಆಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತದೆ ಏಕ್ದಂ ಮಾಳಿಗೆಗೆ ಎಸೆದ ಹಾಗೆ ನೋವು. ಆದರೆ ಆ ಗಾಲಿ ಹಿಂದಕ್ಕೂ ತಿರುಗುತ್ತದೆ. ನೋವಿನ ಮೇಲೆ ನೋವು, ಮಧ್ಯೆ ಉಸಿರು ಬಿಡಲೂ ಜಾಗವಿಲ್ಲ ಅಂತ ನಾನು ಕೂಗಿದಾಗ ನರ್ಸ್ ಗಡಿಯಾರ ನೋಡಿದರು, ಹೊಟ್ಟೆ ಮೇಲೆ ಕೈ ಇಟ್ಟು ಎಣಿಸಿದರು, ಹನಿ ಕಡಿಮೆ ಮಾಡಿದರು. ಹತ್ತು ನಿಮಿಷಕ್ಕೆ ಐದಕ್ಕಿಂತ ಜಾಸ್ತಿ ನೋವು ಬರಬಾರದು, ಮಗುವಿಗೆ ಒಳ್ಳೆಯದಲ್ಲ. ಡ್ರಿಪ್ ನಿಲ್ಲಿಸಿದರೆ ಅದರ ಜೋರು ಸ್ವಲ್ಪ ಹೊತ್ತಿಗೇ ಇಳಿಯುತ್ತದೆ. ಎರಡನೆಯ ಹೆರಿಗೆಯಲ್ಲಿ ಗರ್ಭಕೋಶ ಡ್ರಿಪ್‌ಗೆ ಬೇಗ ಓಗೊಡುತ್ತದೆ, ಹಾಗಾಗಿ ಪಕ್ಕದಲ್ಲಿ ಒಬ್ಬರು ಇದ್ದು ನೋಡುತ್ತಿರಲೇಬೇಕು. ನನಗೆ ನಾಲ್ಕು ಗಂಟೆಯಲ್ಲಿ ಮುಗಿಯಿತು.

ಅಡ್ಮಿಟ್ ಆಗಲೋ, ಸುಮ್ನೆ ಕಾಯಲೋ ಅಂತ ಕೇಳಿದಿರಿ. ಎರಡರ ನಡುವೆ ಇನ್ನೊಂದು ದಾರಿಯೂ ಇದೆ. ಶಿರಸಿಯಲ್ಲಿ ನೆಂಟರ ಮನೆ ಇದ್ದರೆ 38 ತುಂಬುವ ಮೊದಲೇ ಹೋಗಿ ಇದ್ದುಬಿಡಿ. ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ತಾನಾಗಿ ಬರುವುದಕ್ಕೂ ಅವಕಾಶ ಕೊಟ್ಟ ಹಾಗಾಯಿತು, ಅತ್ತೆಗೂ ಸಮಾಧಾನ. 39 ದಾಟಿ ಬಾಯಿ ತಯಾರಾಗಿದ್ದರೆ ಡಾಕ್ಟರು ಹೇಳಿದ ಹಾಗೆ ಮಾಡಿಸಿ. ತಯಾರಾಗಿಲ್ಲ, ಮಗು ಚೆನ್ನಾಗಿದೆ ಅಂದರೆ ಇನ್ನೊಂದು ವಾರ ಕಾಯಬಹುದಾ ಅಂತ ಕೇಳಬಹುದು. ಉಳಿಯಲು ಮನೆಯೇ ಇಲ್ಲ, ಹಳ್ಳಿಯಲ್ಲೇ ಇರಬೇಕು ಅಂತಾದರೆ ನಾನು ಕಾಯಿರಿ ಅನ್ನುವುದಿಲ್ಲ. 39ಕ್ಕೆ ಹೋಗಿ ಅಡ್ಮಿಟ್ ಆಗಿ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅತ್ತೆಯೂ ಅಲ್ಲ, ಮಾವನೂ ಅಲ್ಲ. ಅವರಿಬ್ಬರಿಗೂ ಒಂದು ಅಭಿಪ್ರಾಯವಾದರೂ ಇದೆ. ನಿಮ್ಮ ಯಜಮಾನರ "ನಿನ್ನಿಷ್ಟ" ಇದೆಯಲ್ಲ, ಅದು ಕೇಳಲು ದೊಡ್ಡ ಮನಸ್ಸಿನ ಮಾತು. ನಾಳೆ ಏನಾದರೂ ಆಚೀಚೆ ಆದರೆ ಹೊಣೆ ಪೂರ್ತಿ ನಿಮ್ಮ ತಲೆಗೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗದ ಹೆದರಿಕೆ ನನಗೂ ಗೊತ್ತು. ಮಳೆ ಒಂದು ದಿನ ಹೊಳವಾಗುವುದನ್ನೇ ಕಾಯಬೇಕು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗಬೇಕು, ಒಂದು ಮದ್ದು ತಪ್ಪಿದರೆ ವರ್ಷದ ಬೆಳೆ ನೆಲಕ್ಕೆ. ಅವರ ತಲೆ ತೋಟದಲ್ಲಿರುವುದು ತಪ್ಪಲ್ಲ. ಆದರೆ ಅಷ್ಟು ಲೆಕ್ಕ ಹಾಕಬಲ್ಲವರಿಗೆ ಇದೂ ಬರುತ್ತದೆ. ಮುಂದಿನ ಚೆಕಪ್‌ಗೆ ಅವರನ್ನೇ ಕರೆದುಕೊಂಡು ಹೋಗಿ. ಹೊರಗೆ ಬೈಕ್ ಹತ್ತಿರ ನಿಲ್ಲುವುದಲ್ಲ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರಲಿ. ಮೇಲೆ ಬರೆದ ಪ್ರಶ್ನೆಗಳನ್ನು ಅವರೇ ಕೇಳಲಿ. ಮನೆಗೆ ಬಂದು ಅಪ್ಪ ಅಮ್ಮನಿಗೆ ಹೇಳುವ ಕೆಲಸವೂ ಅವರದ್ದೇ. ಸೊಸೆ ಹೇಳಿದರೆ ಹಟ ಅನ್ನಿಸಿಕೊಳ್ಳುವ ಮಾತು ಮಗ ಹೇಳಿದರೆ ವಿಚಾರ ಆಗುತ್ತದೆ. ನಮ್ಮ ಮನೆಗಳು ಇರುವುದೇ ಹೀಗೆ.

ಅತ್ತೆಯನ್ನು ಬೈಯಬೇಡಿ. ಅವರ ಕಾಲದಲ್ಲಿ ಸೂಲಗಿತ್ತಿ ಬಂದು ಹಿತ್ತಿಲ ಕೋಣೆಯಲ್ಲಿ ಹೆರಿಗೆ ಮಾಡಿಸಿರುತ್ತಾರೆ. ಆಗ ಉಳಿಯದ ಮಕ್ಕಳೂ ಇದ್ದವು. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು "ನಿಮಗೆ ಹೇಗಾಯ್ತು ಅತ್ತೆ?" ಅಂತ ಕೇಳಿ ನೋಡಿ.

ಮಗಳ ವಿಷಯದಲ್ಲಿ ದಿನ ಗೊತ್ತಿರುವುದು ನಿಮಗೆ ಅನುಕೂಲವೇ. ನಡುರಾತ್ರಿ ಎದ್ದು ಹೋದರೆ ಅವಳು ಬೆಳಿಗ್ಗೆ ಎದ್ದು ಹುಡುಕುತ್ತಾಳೆ. ದಿನ ಗೊತ್ತಿದ್ದರೆ ಹೇಳಿ ಹೋಗಬಹುದು. ಈ ವಾರದಿಂದಲೇ ಅಜ್ಜಿಯ ಹತ್ತಿರ ಮಲಗಿಸಿ, ಒಂದು ದಿನ ಬಿಟ್ಟು ಒಂದು ದಿನ ಆದರೂ ಸಾಕು. ಆಸ್ಪತ್ರೆ ಚೀಲಕ್ಕೆ ಮಗುವಿನ ಬಟ್ಟೆ ಅವಳೇ ಮಡಚಿ ಹಾಕಲಿ, ಸೊಟ್ಟಗಾದರೂ ಸರಿ. ನನ್ನ ದೊಡ್ಡವನು ನಾನು ಹೊರಡುವಾಗ ಒಂದು ಗೇರುಬೀಜ ತಂದು ಅಂಗೈಯಲ್ಲಿ ಇಟ್ಟಿದ್ದ. "ಪಾಪುಗೆ ಕೊಡು, ತಿನ್ನಬಾರದು ಅಂತ ಹೇಳು" ಅಂದ. ಹೆರಿಗೆ ಮುಗಿಯುವವರೆಗೂ ಅದು ನನ್ನ ಎಡಗೈಯಲ್ಲೇ ಇತ್ತು, ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು.

ಹಾಂ, ಹರಳೆಣ್ಣೆ ಮರೆತಿದ್ದೆ. ಕುಡಿಯಬೇಡಿ. ನೋವು ಬರುತ್ತದೋ ಇಲ್ಲವೋ, ಭೇದಿಯಂತೂ ಗ್ಯಾರಂಟಿ. ಆ ಮಳೆಯಲ್ಲಿ, ಆ ಹೊಟ್ಟೆ ಹೊತ್ತು ಹತ್ತು ಸಲ ಓಡಾಡುವುದು ಯಾರಿಗೆ ಬೇಕು? ಬಾಟಲಿಯನ್ನು ಅತ್ತೆಯೇ ಎತ್ತಿಡಲಿ. ಬಾಣಂತನದಲ್ಲಿ ನಿಮ್ಮ ತಲೆಗೆ ಹಾಕಲು ಬೇಕಾಗುತ್ತದೆ.