ಹೊಸ ಬ್ಯಾಟರಿ ಹಾಕಿದರೂ ಕಾರು ಸೆಲ್ಫ್ ತಗೊಳ್ತಿಲ್ಲ, ಬರೀ ಟಕ ಟಕ ಸದ್ದು. ಸೆಲ್ಫ್ ಮೋಟರ್ ಬದಲಾಯಿಸಬೇಕಾ?

ಬ್ಯಾಟರಿ ಹಾಕಿಸಿ ಎರಡೇ ವಾರ ಆಗಿದೆ, ಹೆಡ್‌ಲೈಟ್ ಚೆನ್ನಾಗೇ ಉರಿಯುತ್ತೆ, ಕೀ ತಿರುಗಿಸಿದರೆ ಮಾತ್ರ ಟಕ ಟಕ ಅನ್ನುತ್ತೆ ಅಂದಿದ್ದೀರಿ. ಸೆಲ್ಫ್ ಮೋಟರ್ ತರೋಕೆ ಈಗಲೇ ಹೋಗಬೇಡಿ. ಇದೇ ಸದ್ದಿಗೆ ನಾನು ಬ್ಯಾಟರಿ ಬದಲಾಯಿಸಿ, ಸೆಲ್ಫನ್ನೂ ಬಿಚ್ಚಿಸಿ, ಕೊನೆಗೆ ಹುಡುಕಿದ್ದು ತುಕ್ಕು ಹಿಡಿದ ಒಂದು ಬೋಲ್ಟನ್ನ.

ಆ ಸದ್ದೇ ಅರ್ಧ ಕತೆ ಹೇಳುತ್ತೆ. ಸೊಲೆನಾಯ್ಡ್ (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡೋ ಅಯಸ್ಕಾಂತದ ಸ್ವಿಚ್) ಎಳೆದುಕೊಂಡ ತಕ್ಷಣ ಮೋಟರ್‌ಗೆ ಕರೆಂಟ್ ಹರಿಯುತ್ತೆ, ಅಷ್ಟರಲ್ಲೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತೆ. ಕೈಬಿಟ್ಟಿತಾ, ವೋಲ್ಟೇಜ್ ಮತ್ತೆ ಏರುತ್ತೆ, ಮತ್ತೆ ಎಳೆಯುತ್ತೆ. ಅಂದರೆ ಕೀ, ರಿಲೇ, ಫ್ಯೂಸ್ ತಮ್ಮ ಕೆಲಸ ಮಾಡ್ತಿವೆ. ದಪ್ಪ ಕೇಬಲ್ಲಿನ ದಾರಿಯಲ್ಲೋ ಬ್ಯಾಟರಿಯಲ್ಲೋ ದಮ್ಮಿಲ್ಲ.

"ಲೈಟ್ ಉರಿಯುತ್ತಲ್ಲ, ಹಾಗಾದ್ರೆ ಕನೆಕ್ಷನ್ ಸರಿ ಇದೆ" ಅನ್ನೋದನ್ನ ನಂಬಬೇಡಿ. 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಬೇಕಿರೋದು 5 ಆಂಪಿಯರ್‌ಗಿಂತ ಕಡಿಮೆ. ಸೆಲ್ಫ್ ಮೋಟರ್ ನೂರು, ನೂರೈವತ್ತು ಆಂಪಿಯರ್ ಕೇಳುತ್ತೆ. ಡೀಸೆಲ್ ಆದರೆ ಇನ್ನೂ ಜಾಸ್ತಿ. ಒಂದು ಜಾಯಿಂಟಿನಲ್ಲಿ ಬರೀ 0.02 ಓಮ್ ಅಡ್ಡಿ ಇದ್ದರೂ 150 ಆಂಪಿಯರ್ ಹರಿವಾಗ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತೆ. ಮಲ್ಟಿಮೀಟರ್‌ನ ಬೀಪ್ ಟೆಸ್ಟ್ (ವೈರ್ ತುಂಡಾಗಿದೆಯಾ ಅಂತ ನೋಡೋದು) ಇದನ್ನ ಹಿಡಿಯೋದೇ ಇಲ್ಲ, ಖುಷಿಯಾಗಿ ಬೀಪ್ ಅನ್ನುತ್ತೆ. ಹಾಗಾಗಿ ಲೋಡ್ ಇರುವಾಗಲೇ, ಅಂದರೆ ಕೀ ತಿರುಗಿಸಿ ಹಿಡಿದಾಗಲೇ ಅಳೀಬೇಕು.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಮೀಟರ್ 20 ವೋಲ್ಟ್ ಡಿಸಿಗೆ ಇಡಿ (ಕೆಂಪು ವೈರ್ ಆಂಪಿಯರ್ ತೂತಿನಲ್ಲಿ ಇರಲೇಬಾರದು). ಮೊದಲು ಬ್ಯಾಟರಿ: ಸುಮ್ಮನಿದ್ದಾಗ 12.6 ಇದ್ದರೆ ಫುಲ್ ಚಾರ್ಜ್, 12ರ ಆಸುಪಾಸು ಬಂದರೆ ಖಾಲಿ. ಯಾರಿಗಾದರೂ ಕೀ ತಿರುಗಿಸೋಕೆ ಹೇಳಿ, ಆಗ 9.6ಕ್ಕಿಂತ ಕೆಳಗೆ ಬಿದ್ದರೆ ಹೊಸದಾದರೂ ಸರಿ, ಚಾರ್ಜ್ ಮಾಡಿಸಿ ಮತ್ತೆ ನೋಡಿ. ಜಂಪ್ ಮಾಡಿ (ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು) ಸ್ಟಾರ್ಟ್ ಆದ ಮೇಲೆ 13.8ರಿಂದ 14.5 ತೋರಿಸದಿದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಸರಿಯಾಗಿ ಚಾರ್ಜ್ ಮಾಡ್ತಿದೆಯಾ ನೋಡಿಸಿ.

ಇನ್ನು ಮುಖ್ಯವಾದ್ದು. ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಮೇಲಿನ ಕ್ಲ್ಯಾಂಪಿಗಲ್ಲ. ಕೆಂಪು ವೈರ್ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಈಗ ಕೀ ತಿರುಗಿಸಿದರೆ 0.2 ವೋಲ್ಟ್ ದಾಟಬಾರದು. ಅಂಕಿ ಕುಣಿಯುತ್ತೆ, ಅದು ಮುಟ್ಟೋ ಗರಿಷ್ಠ ನೋಡಿ. ನನ್ನ ಕಾರಲ್ಲಿ 3 ದಾಟಿತ್ತು! ಹಾಗೇ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ: ಇಲ್ಲಿ 0.5ರವರೆಗೆ ಪರವಾಗಿಲ್ಲ.

ಮೀಟರ್ ಇಲ್ವಾ? ಜಂಪರ್ ಕೇಬಲ್ಲಿನ ಒಂದು ತುದಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಲೋಹಕ್ಕೆ ಕಚ್ಚಿಸಿ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಯ್ತು ಅಂದ್ರೆ ಅರ್ಥಿಂಗ್ (ನೆಗೆಟಿವ್ ಕಡೆಯ ದಾರಿ) ದೋಷ, ಅನುಮಾನವೇ ಬೇಡ.

ನನ್ನದರಲ್ಲಿ ಇಂಜಿನ್ನಿಂದ ಕಾರಿನ ಬಾಡಿ ಲೋಹಕ್ಕೆ ಹೋಗೋ ಹೆಣೆದ ಪಟ್ಟಿ ಹೊರಗಿಂದ ಚೆನ್ನಾಗೇ ಕಾಣ್ತಿತ್ತು. ನಾಲ್ಕೈದು ಸಲ ಕೀ ತಿರುಗಿಸಿ ಕೈ ಇಟ್ಟರೆ ಬಾಡಿ ಕಡೆಯ ತುದಿ ಬೆಚ್ಚಗಿತ್ತು. ಬೋಲ್ಟ್ ಬಿಚ್ಚಿದಾಗ ಲಗ್ಗಿನ (ಪಟ್ಟಿ ತುದಿಯ ಲೋಹದ ಬಳೆ) ಕೆಳಗೆ ಕಂದು ಪುಡಿ ಉದುರಿತು. ಉಪ್ಪುಕಾಗದದಲ್ಲಿ ಎರಡೂ ಮುಖ ಹೊಳೆಯೋವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ, ಅಷ್ಟೇ. ನೀವು ಬಿಚ್ಚೋದಾದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೀರಿ, ಹಾಕೋವಾಗ ಅದನ್ನೇ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತೆ.

ಟಕ ಟಕ ಬದಲು ಒಂದೇ ಸಲ ಗಟ್ಟಿಯಾಗಿ ಟಕ್ ಅಂದು, ಬ್ಯಾಟರಿಯೂ 10ರ ಮೇಲೇ ನಿಂತು, ಎರಡೂ ಕೇಬಲ್ ಕಡೆ ಅಳತೆ ಸರಿ ಇದ್ದರೆ ಆಗ ಸೆಲ್ಫ್ ಮೇಲೆ ಸಂಶಯ ಪಡಬಹುದು. ಸದ್ದೇ ಇಲ್ಲದಿದ್ದರೆ ರಿಲೇ, ಕ್ಲಚ್ ಸ್ವಿಚ್, ಇಮೊಬಿಲೈಸರ್ (ಕಳ್ಳತನ ತಡೆಯೋ ಲಾಕ್) ದೀಪ ನೋಡಬೇಕು, ಅದು ಬೇರೆ ದಾರಿ.

ಬ್ಯಾಟರಿ, ನೆಗೆಟಿವ್ ಕಡೆ, ಪಾಸಿಟಿವ್ ಕಡೆ, ಈ ಮೂರು ಅಂಕಿ ಅಳೆದು ಇಲ್ಲೇ ಬರೀರಿ, ಮುಂದಿನದು ನೋಡೋಣ.